ಗೋಣಿ ಕುದುರೆಯ ಮೇಲೆ ಕೋಟಿನ ಅಳತೆ

ಕುದುರೆ ಪ್ರದರ್ಶನದ ಅಂಗಳಕ್ಕೆ ಇಳಿಯುವ ಸವಾರರ ಮೈಮೇಲೆ ಇರಬೇಕಾದದ್ದು ಇಷ್ಟು. ಕೋಟು, ಹೊಸದಾದರೆ ಹದಿನಾಲ್ಕು ಸಾವಿರ. ಕಾಲಿಗೆ ಅಂಟಿಕೊಂಡಂಥ ಬಿಳಿ ಸವಾರಿ ಪ್ಯಾಂಟು, ಆರು ಸಾವಿರ. ಮೊಣಕಾಲುದ್ದದ ಬೂಟು, ಹದಿನೆಂಟು ಸಾವಿರ. ಹೆಲ್ಮೆಟ್ಟು, ಏಳು ಸಾವಿರ. ಬಿಳಿ ಅಂಗಿ, ಕೈಗವಸು ಸೇರಿ ಮೂರು ಸಾವಿರ. ಒಟ್ಟು ನಲವತ್ತೆಂಟು ಸಾವಿರ ರೂಪಾಯಿ. ಕುದುರೆಯ ಖರ್ಚು ಬೇರೆ.

ಇದೇ ಪಟ್ಟಿಯನ್ನು ಆಂಡರ್ಸನ್‌ಪೇಟೆಯ ಟೈಲರ್ ಮುತ್ಯಾಲಮ್ಮ ಬೇರೆ ರೀತಿ ಓದುತ್ತಾರೆ. ಯಾರದೋ ಬೀರುವಿನಲ್ಲಿ ಇಪ್ಪತ್ತೈದು ವರ್ಷ ನೇತಾಡಿದ ಕೋಟನ್ನು ಈ ಕಾಲಕ್ಕೆ ತರಲು ಸಾವಿರದ ಮುನ್ನೂರ ಐವತ್ತು. ತೊಡೆಯ ಹತ್ತಿರ ಬಲೂನಿನಂತೆ ಉಬ್ಬಿದ ಹಳೇ ಪ್ಯಾಂಟಿನ ಉಬ್ಬು ತೆಗೆದು, ಎಳೆದರೆ ಹಿಗ್ಗುವ ಬಟ್ಟೆ ಸೇರಿಸಲು ಆರುನೂರ ಐವತ್ತು. ಹಳೇ ಬೂಟಿಗೆ ಬಂಗಾರಪೇಟೆಯಲ್ಲಿ ಅಟ್ಟೆ, ಜಿಪ್ಪು ಹಾಕಿಸಿ ಪಾಲಿಶ್ ಮಾಡಿಸಲು ಸಾವಿರದ ಐನೂರು. ಅಂಗಿ, ಕೈಗವಸಿಗೆ ಏಳುನೂರು. ನಾಲ್ಕು ಸಾವಿರದ ಇನ್ನೂರಕ್ಕೆ ಮುಗಿಯಿತು. ಹೆಲ್ಮೆಟ್ಟನ್ನು ಮಾತ್ರ ಅವರು ಈ ಪಟ್ಟಿಗೆ ಸೇರಿಸುವುದಿಲ್ಲ.

“ತಲೆಗೆ ಹಳೇದು ಬ್ಯಾಡ ಅಂತೀನಿ. ದುಡ್ಡಿಲ್ಲಾಂದ್ರೆ ಸ್ಕೂಲ್ನೋರತ್ರ ಒಂದಿನಕ್ಕೆ ಇಸ್ಕೊಳ್ಳಿ. ಕೋಟ್ ಅರುದ್ರೆ ನಾನು ಒಲೀತೀನಿ. ತಲೆ ಒಡುದ್ರೆ ಯಾರು ಒಲೀತಾರೆ?”

ಬುಧವಾರ, ಬೆಳಗಿನ ಐದೂಮುಕ್ಕಾಲು. ಗಂಡ ಶ್ರೀರಾಮಪ್ಪ ಡೇರಿಗೆ ಹಾಲು ಹಾಕಿ, ಖಾಲಿ ಕ್ಯಾನಿನ ಜೊತೆ ಹೆಂಡತಿಯನ್ನೂ ಟಿವಿಎಸ್ ಗಾಡಿಯಲ್ಲಿ ಕೂರಿಸಿಕೊಂಡು ಬಂದು ಅಂಗಡಿಯ ಮುಂದೆ ಇಳಿಸುತ್ತಾರೆ. ಎಂಟಡಿಗೆ ಹತ್ತಡಿಯ ಕೋಣೆ, ಬಾಡಿಗೆ ಸಾವಿರದ ಎಂಟುನೂರು. ಬಾಗಿಲು ಪೂರ್ವಕ್ಕಿದೆ. ಅದಕ್ಕೇ ಈ ಅಂಗಡಿ ಹಿಡಿದದ್ದು. ಸವಾರಿ ಕೋಟು ಹೆಚ್ಚಾಗಿ ಕಪ್ಪು, ಇಲ್ಲವೇ ಕಪ್ಪಿನಂಥ ನೀಲಿ. ಕಪ್ಪು ಬಟ್ಟೆಯ ಮೇಲಿನ ಕಪ್ಪು ಹೊಲಿಗೆ ಟ್ಯೂಬ್‌ಲೈಟಿನಲ್ಲಿ ಕಾಣುವುದಿಲ್ಲ. ಬೆಳಗಿನ ಓರೆ ಬಿಸಿಲು ಬಿದ್ದಾಗ ದಾರ ಎದ್ದು ನಿಂತಂತೆ ಕಾಣುತ್ತದೆ. ಆ ಬಿಸಿಲು ಸಿಗುವುದು ಒಂದೂವರೆ ಗಂಟೆ. ಕೋಟಿನ ಕೆಲಸವೆಲ್ಲ ಆಗ. ಆಮೇಲೆ ಸಂಜೆ ಏಳರವರೆಗೆ ರವಿಕೆ, ಶಾಲೆಯ ಯೂನಿಫಾರಂ. ದಿನಕ್ಕೆ ಐನೂರು, ಆರುನೂರು ದುಡಿಯುತ್ತಾರೆ. ಕೋಟು ಬರುವುದು ತಿಂಗಳಿಗೆ ಎರಡು.

ಇವತ್ತು ಅವರ ಕೈಯಲ್ಲಿರುವ ಕೋಟು ಬೆಂಗಳೂರಿನ ಹೊರವಲಯದ ಒಂದು ಸವಾರಿ ಶಾಲೆಯ ಹಳೇ ಪೆಟ್ಟಿಗೆಯಿಂದ ಒಬ್ಬ ಹುಡುಗಿಗೆ ಪುಕ್ಕಟೆ ಸಿಕ್ಕಿದ್ದು. ದಪ್ಪ ಉಣ್ಣೆ, ಭುಜಕ್ಕೆ ಮೆತ್ತೆ, ಹಿತ್ತಾಳೆ ಗುಂಡಿ, ತೊಡೆಯ ಅರ್ಧಕ್ಕೆ ಇಳಿಯುವ ಉದ್ದ. ಈಗಿನ ಸವಾರರು ಹಾಕುವುದು ಗಿಡ್ಡ, ಹಗುರ, ಸೊಂಟಕ್ಕೆ ಹಿಡಿದ ಕೋಟು. ಮುತ್ಯಾಲಮ್ಮ ಭುಜದ ಮೆತ್ತೆ ಕಿತ್ತಿದ್ದಾರೆ. ಒಳಗಿನ ಲೈನಿಂಗ್ ಬಿಚ್ಚಿ ಗಾಳಿಯಾಡುವ ಜಾಲರಿ ಬಟ್ಟೆ ಹಾಕಿದ್ದಾರೆ. ಹಿತ್ತಾಳೆ ಗುಂಡಿಯ ಜಾಗಕ್ಕೆ ಕಪ್ಪು ಗುಂಡಿ ಬಂದಿದೆ. ಕೆಳಗಿನಿಂದ ಮೂರು ಅಂಗುಲ ಕತ್ತರಿಸಿ, ಆ ತುಂಡನ್ನು ಸುತ್ತಿ, ಆ ಹುಡುಗಿಯ ಹೆಸರು ‘ಶ್ರೀದೇವಿ’ ಎಂದು ಚೀಟಿ ಸಿಕ್ಕಿಸಿ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಾರೆ. ಕತ್ತರಿಸಿದ ತುಂಡನ್ನು ಒಂದು ವರ್ಷ ಎಸೆಯಬಾರದು ಎನ್ನುವುದು ಈ ಅಂಗಡಿಯ ಕಟ್ಟಳೆ.

ಕಟ್ಟಳೆ ಮಾಡಿದವರು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಟೀ ಕುಡಿಯುತ್ತಿದ್ದಾರೆ. ಪೆರುಮಾಳ್, ಎಂಬತ್ತನಾಲ್ಕು ವರ್ಷ. ಇಲ್ಲಿನ ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಅಧಿಕಾರಿಗಳಿಗೆ ಸೂಟು, ಕೋಟು ಹೊಲಿದವರು. ಕಣ್ಣು ಮಂಜಾಗಿದೆ, ಬಾಯಿ ಮಂಜಾಗಿಲ್ಲ. ಅಂಗಡಿಗೆ ಬಂದವರಿಗೆಲ್ಲ ಶಿಷ್ಯೆಯ ಕಥೆ ಹೇಳುತ್ತಾರೆ. “ಹನ್ನೊಂದು ವರ್ಷ ಫ್ಯಾಕ್ಟರಿಯಲ್ಲಿ ಇದ್ದು ಬಂದ್ಲು ಮಾ ಇವಳು. ಏನ್ ಗೊತ್ತು ಅಂತ ಕೇಳ್ದೆ. ಎಡಗೈ ತೋಳು ಗೊತ್ತು ಅಂದ್ಲು. ಬಲಗೈ ಯಾರ್‌ಗೆ ಗೊತ್ತು? ಪಕ್ಕದವಳಿಗೆ ಗೊತ್ತಂತೆ!”

ಮುತ್ಯಾಲಮ್ಮ ನಗುತ್ತಾರೆ. ಮಾತು ನಿಜ. ಬಂಗಾರಪೇಟೆ ಪಕ್ಕದ ಹಳ್ಳಿಯ ಒಕ್ಕಲು ಮನೆಯವರು ಅವರು. ಹನ್ನೊಂದು ವರ್ಷ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗಿ ದಿನವಿಡೀ ಎಡತೋಳು ಮಾತ್ರ ಹೊಲಿದರು. ಬೆನ್ನು ನೋವು ಬಂದು ಕೆಲಸ ಬಿಟ್ಟ ಮೇಲೆ ಪೆರುಮಾಳ್ ಹತ್ತಿರ ಇಡೀ ಕೋಟು ಕಲಿತರು. ಕುದುರೆಯವರ ಪರಿಚಯವಾದದ್ದು ಅದೇ ರೈಲಿನ ಸಹಪ್ರಯಾಣಿಕ ಬೈರೇಶ್ ಅವರಿಂದ. ಬೈರೇಶ್ ಆ ಸವಾರಿ ಶಾಲೆಯಲ್ಲಿ ಕುದುರೆ ನೋಡಿಕೊಳ್ಳುವ ಸೈಸ್. ಏಳು ವರ್ಷದ ಹಿಂದೆ ಒಬ್ಬ ಸವಾರನ ಕೋಟು ತಂದುಕೊಟ್ಟರು. ಅಲ್ಲಿಂದ ಬಾಯಿಂದ ಬಾಯಿಗೆ ಹೋಗಿ ಬಂದ ಕೋಟುಗಳನ್ನು ಮುತ್ಯಾಲಮ್ಮ ನೂರ ಮೂವತ್ತರವರೆಗೆ ಎಣಿಸಿ, ಆಮೇಲೆ ಲೆಕ್ಕ ಬಿಟ್ಟಿದ್ದಾರೆ.

ಆ ಮೊದಲ ಕೋಟು ಕೆಟ್ಟಿತ್ತು. ಸವಾರನನ್ನು ನಿಲ್ಲಿಸಿ ಅಳತೆ ತೆಗೆದಿದ್ದರು. ಕುದುರೆ ಮೇಲೆ ಕೂತ ಕೂಡಲೇ ಕೋಟು ಮೇಲೆದ್ದು ಮುಂದಿನ ಗುಂಡಿ ಹಾರಿತು. ಸವಾರಿ ಕೋಟಿನ ಅಳತೆ ಕೂತಾಗಲೇ ತೆಗೆಯಬೇಕು, ಅದೂ ಕಾಲು ಅಗಲಿಸಿ, ಲಗಾಮು ಹಿಡಿದಂತೆ ಕೈ ಮುಂದೆ ಚಾಚಿ ಕೂತಾಗ. ಆದರೆ ಆಂಡರ್ಸನ್‌ಪೇಟೆಯಲ್ಲಿ ಕುದುರೆ ಎಲ್ಲಿದೆ? ಬೈರೇಶ್ ತಡಿ ಹಾಕಿದ ಕುದುರೆಯ ಬೆನ್ನಿನ ಮೇಲೆ ಹಗ್ಗ ಹಾಸಿ, ಸವಾರನ ಒಂದು ಮಂಡಿಯಿಂದ ಇನ್ನೊಂದು ಮಂಡಿಗೆ ಎರಡು ಗಂಟು ಹಾಕಿ ತಂದರು. ಶ್ರೀರಾಮಪ್ಪ ಗೋಣಿಚೀಲಕ್ಕೆ ರಾಗಿಹುಲ್ಲು ತುರುಕಿ, ಆ ಗಂಟಿನಿಂದ ಗಂಟಿಗೆ ಸರಿಹೋಗುವಷ್ಟು ದಪ್ಪ ಮಾಡಿ, ಬೆಂಚಿನ ಮೇಲೆ ಕಟ್ಟಿದರು. ಅದೇ ಈ ಅಂಗಡಿಯ ಕುದುರೆ. ರವಿಕೆ ಹೊಲಿಸಲು ಬಂದವರು ಅದರ ಮೇಲೆ ಚೀಲ ಇಡುತ್ತಾರೆ.

ಆರೂಕಾಲಿಗೆ ಬೈರೇಶ್ ತಮ್ಮ ಮಗಳ ಜೊತೆ ಬರುತ್ತಾರೆ. ಹದಿನೇಳು ವರ್ಷದ ಶ್ರೀದೇವಿ ಬಂಗಾರಪೇಟೆಯಲ್ಲಿ ಪಿಯುಸಿ ಓದುತ್ತಾಳೆ. ರಜೆಯ ದಿನಗಳಲ್ಲಿ ಅಪ್ಪನ ಹಿಂದೆ ಹೋಗಿ, ಲಾಯ ಗುಡಿಸಿ, ಸವಾರಿ ಕಲಿತವಳು. ಶಾಲೆಯ ಒಂದು ಕುದುರೆಯ ಸವಾರ ಊರಲ್ಲಿಲ್ಲ. ಭಾನುವಾರದ ಪ್ರದರ್ಶನದಲ್ಲಿ ಆ ಕುದುರೆಯನ್ನು ಜಿಗಿಸುವ ಅವಕಾಶ ಶ್ರೀದೇವಿಗೆ ಸಿಕ್ಕಿದೆ. ಶನಿವಾರ ಸಂಜೆ ಐದಕ್ಕೆ ಪೂರ್ತಿ ಉಡುಪು ತೊಟ್ಟು ತೋರಿಸಬೇಕು. ಸರಿಯಿಲ್ಲದಿದ್ದರೆ ಕುದುರೆ ಬೇರೆ ಹುಡುಗಿಗೆ. ಬೈರೇಶ್ ಸಂಬಳ ತಿಂಗಳಿಗೆ ಹತ್ತೊಂಬತ್ತು ಸಾವಿರ.

“ಅತ್ತು ತಾಯಿ ಕುದುರೆ,” ಎನ್ನುತ್ತಾರೆ ಮುತ್ಯಾಲಮ್ಮ. ಹುಡುಗಿ ಗೋಣಿಯ ಮೇಲೆ ಕೂತು ಕೈ ಚಾಚುತ್ತಾಳೆ. “ನಗಬ್ಯಾಡ, ನಕ್ರೆ ಸೊಂಟ ಅಗಲ ಆಯ್ತದೆ.”

“ಅತ್ತೆ, ಇದು ಚುಚ್ಚುತ್ತೆ.”

“ನಿಮ್ಮಪ್ಪನ ಕುದುರೆ ಒದೀತದೆ. ಇದು ಬರೀ ಚುಚ್ತದೆ. ಯಾವ್ದು ವಾಸಿ?”

ಕೋಟಿನ ಬೆನ್ನಿಗೆ ಕೆಳಗಿನಿಂದ ಸೊಂಟದವರೆಗೆ ಬಿಟ್ಟ ಸೀಳು ಎರಡೂ ಬದಿಗೆ ಸಮನಾಗಿ ಬೀಳುತ್ತದೆ. ತೋಳು ಮಣಿಕಟ್ಟಿಗೆ ಸರಿಯಾಗಿ ನಿಲ್ಲುತ್ತದೆ. ಬೈರೇಶ್ ಎರಡು ಸಾವಿರ ಎಣಿಸಿ ಕೊಟ್ಟು ಕೋಟು, ಪ್ಯಾಂಟು ಒಯ್ಯುತ್ತಾರೆ.

ಗುರುವಾರ ಸಂಜೆ ನಾಲ್ಕಕ್ಕೆ ಬೈರೇಶ್ ಅವರ ಫೋನು. ಹಿಂದೆಯೇ ಒಂದು ಫೋಟೊ. ನಿಜವಾದ ಕುದುರೆಯ ಮೇಲೆ ಶ್ರೀದೇವಿ ಕೂತಿದ್ದಾಳೆ. ಬೆನ್ನಿನ ಸೀಳು ಬಾಯಿ ತೆರೆದು ಬಿಳಿ ಪ್ಯಾಂಟು ಪೂರ್ತಿ ಕಾಣುತ್ತಿದೆ. ಸೀಳಿನ ಮೇಲ್ತುದಿಯ ಹೊಲಿಗೆ ಕಿತ್ತಿದೆ. ಮುತ್ಯಾಲಮ್ಮ ಫೋಟೊವನ್ನು ದೊಡ್ಡದು ಮಾಡಿ ನೋಡುತ್ತಾರೆ. ಕೈಯಲ್ಲಿದ್ದ ರವಿಕೆಗೆ ಕೊಕ್ಕೆ ಹಾಕಿ ಮುಗಿಸಿ, ಆಮೇಲೆ ಕೇಳುತ್ತಾರೆ: “ಬೈರೇಶಣ್ಣ, ಆ ಕುದುರೆ ಏನಾದ್ರೂ ದಪ್ಪ ಜಾತೀದಾ?”

“ಇಲ್ಲಕ್ಕ, ಎಲ್ಲಾ ಕುದುರೆ ಅಂಗೇ ಐತೆ.”

“ಅಂಗಾರೆ ಅದ್ರ ಮೇಲೆ ಹಗ್ಗ ಇಡ್ದು ಗಂಟಾಕ್ಕೊಂಡು ನಾಳೆ ಬಾ. ಕೂಸ್ನೂ ಕರ್ಕೊಂಡು ಬಾ.”

ಶುಕ್ರವಾರ ಬೆಳಗಿನ ರೈಲಿಗೆ ಅಪ್ಪ ಮಗಳು ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ಇಳಿದು ಆಟೋದಲ್ಲಿ ಬರುತ್ತಾರೆ. ಬೈರೇಶ್ ಹೊಸ ಹಗ್ಗವನ್ನು ಗೋಣಿಯ ಮೇಲೆ ಹಾಸುತ್ತಾರೆ. ಗೋಣಿ ನಾಲ್ಕು ಬೆರಳು ಕಡಿಮೆ.

“ಎಂಗೆ ಕಮ್ಮಿ ಆಯ್ತದೆ? ನಿನ್ನ ಹಳೇ ಹಗ್ಗದ ಅಳ್ತೇಗೇ ಮಾಡಿದ್ದು. ಅಲ್ಲೇ ಮೊಳೇಲಿ...” ಎಂದು ತಿರುಗುತ್ತಾರೆ ಮುತ್ಯಾಲಮ್ಮ. ಮೊಳೆ ಖಾಲಿ. ಹಳೇ ಹಗ್ಗ ಗೋಣಿಯ ಸುತ್ತಲೇ ಇದೆ. ಎರಡನೇ ವರ್ಷ ಹುಲ್ಲು ಕುಸಿದು ಗೋಣಿ ಜೋಲಾದಾಗ, ಕೈಗೆ ಸಿಕ್ಕ ಹಗ್ಗವೆಂದು ಅದರಲ್ಲೇ ಬಿಗಿದಿದ್ದರು. ಆಮೇಲೆ ಪ್ರತಿ ಬೇಸಿಗೆ ಶ್ರೀರಾಮಪ್ಪ ಬಂದು ಇನ್ನಷ್ಟು ಬಿಗಿಯುತ್ತಿದ್ದರು. ಒಂದೊಂದು ವರ್ಷಕ್ಕೆ ಅರ್ಧ ಬೆರಳು, ಮುಕ್ಕಾಲು ಬೆರಳು. ಕಣ್ಣಿಗೆ ಕಾಣುವಷ್ಟು ಯಾವತ್ತೂ ಕುಗ್ಗಲಿಲ್ಲ. ಹೋಲಿಸಿ ನೋಡಲು ಬೇರೆ ಅಳತೆಯೂ ಇರಲಿಲ್ಲ. ಇಷ್ಟು ದಿನ ಹಿಗ್ಗುವ ಬಟ್ಟೆಯೂ ಕೋಟಿನ ಸಡಿಲವೂ ತಪ್ಪನ್ನು ಮುಚ್ಚಿಕೊಂಡು ಬಂದಿದ್ದವು. ಈ ದಪ್ಪ ಉಣ್ಣೆ ಮುಚ್ಚಲಿಲ್ಲ.

ಪೆರುಮಾಳ್ ಕೈಯಿಂದ ಗೋಣಿ ತಡವಿ ನೋಡಿ ಬೊಚ್ಚುಬಾಯಿಯಲ್ಲಿ ನಗುತ್ತಾರೆ. “ಅಳತೆ ಹಗ್ಗದಲ್ಲೇ ಕುದುರೆ ಕಟ್ಟಿದ್ದಾ? ಸೊಂಟ ಬಿಗ್ದು ಬಿಗ್ದು ಆಡು ಮಾಡಿಟ್ಯಲ್ಲಾ ಮುತ್ಯಾಲು! ಅಳತೆ ಮೊಳೆ ಬಿಟ್ಟು ಇಳೀಬಾರ್ದು ಅಂತ ಹೇಳ್ಲಿಲ್ವಾ?”

“ಏಳಿದ್ರಿ ಮಾಸ್ಟ್ರೇ. ನಿಮ್ ಕಣ್ಮುಂದೇನೇ ಕಟ್ಟಿದ್ದು. ಆವತ್ತೇನ್ ಮಾಡ್ತಿದ್ರಿ?”

“ಟೀ ಕುಡೀತಿದ್ದೆ.”

ಶ್ರೀದೇವಿ ನಗುವ ಸ್ಥಿತಿಯಲ್ಲಿಲ್ಲ. “ಅತ್ತೆ, ಬೇರೆ ಕಪ್ಪು ಬಟ್ಟೆ ಸೇರಿಸಿದ್ರೆ ಗೊತ್ತಾಗುತ್ತಾ?” ಎಂದು ಕೇಳುತ್ತಾಳೆ. ಗೊತ್ತಾಗುತ್ತದೆ. ಇಪ್ಪತ್ತೈದು ವರ್ಷದಲ್ಲಿ ಕಪ್ಪು ಒಂದು ಥರ ಕಂದಿರುತ್ತದೆ. ಆ ಬಣ್ಣ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಸಿಗುವುದು ಆ ಕೋಟಿನಲ್ಲೇ. ಮುತ್ಯಾಲಮ್ಮ ಬಿಸ್ಕತ್ತಿನ ಡಬ್ಬಿ ತೆಗೆದು, ಚೀಟಿ ನೋಡಿ, ಬುಧವಾರ ಕತ್ತರಿಸಿದ ಮೂರು ಅಂಗುಲದ ತುಂಡನ್ನು ಹೊರಗೆ ತೆಗೆಯುತ್ತಾರೆ.

ಮೊದಲು ಕುದುರೆಯ ರಿಪೇರಿ. ಹಗ್ಗ ಬಿಚ್ಚಿ, ಶ್ರೀರಾಮಪ್ಪನವರಿಗೆ ಫೋನ್ ಮಾಡಿ ಹುಲ್ಲು ತರಿಸುತ್ತಾರೆ. “ಅಸೂಗೆ ಆಕೋ ಉಲ್ಲು ಇದುಕ್ಯಾಕೆ?” ಎಂದು ಗೊಣಗುತ್ತಲೇ ಅವರು ಎರಡು ಕಂತೆ ತುರುಕಿ ಹೊಸ ಗಂಟಿನ ಅಳತೆಗೆ ತರುತ್ತಾರೆ. ಮತ್ತೆ ಹುಡುಗಿ ಏರುತ್ತಾಳೆ. ಸೀಳು ಫೋಟೊದಲ್ಲಿ ಇದ್ದಂತೆಯೇ ಬಾಯಿ ತೆರೆಯುತ್ತದೆ. “ಈಗ ಗೋಣಿ ಸುಳ್ಳು ಏಳ್ತಿಲ್ಲ,” ಎನ್ನುತ್ತಾರೆ ಮುತ್ಯಾಲಮ್ಮ. ಕತ್ತರಿಸಿದ ತುಂಡನ್ನು ಮಡಿಕೆಯಾಗಿ ಸೀಳಿನ ಒಳಗೆ ಕೂರಿಸುತ್ತಾರೆ. ನಿಂತಾಗ ಮಡಿಕೆ ಕಾಣುವುದಿಲ್ಲ, ಕುದುರೆ ಏರಿದಾಗ ಮಾತ್ರ ಬಿಚ್ಚಿಕೊಳ್ಳುತ್ತದೆ. ಓರೆ ಬಿಸಿಲು ಹೋಗಿ ಬಹಳ ಹೊತ್ತಾಗಿದೆ. ಬೈರೇಶ್ ಬಾಗಿಲಲ್ಲಿ ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದು ನಿಲ್ಲುತ್ತಾರೆ. ಮುತ್ಯಾಲಮ್ಮ ಪ್ಯಾಂಟಿನ ತೊಡೆಗೂ ಎರಡು ಬೆರಳು ಸಡಿಲ ಬಿಡುತ್ತಾರೆ. ಮಧ್ಯಾಹ್ನ ಮೂರಕ್ಕೆ ಕೆಲಸ ಮುಗಿಯುತ್ತದೆ. ಇದಕ್ಕೆ ದುಡ್ಡಿಲ್ಲ.

ಅವರು ಹೋದ ಮೇಲೆ ಮುತ್ಯಾಲಮ್ಮ ಆರ್ಡರ್ ಪುಸ್ತಕ ತೆಗೆಯುತ್ತಾರೆ. ಈ ವರ್ಷ ಇದೇ ಕುಗ್ಗಿದ ಗೋಣಿಯ ಅಳತೆಯಲ್ಲಿ ಹೊರಗೆ ಹೋದ ಬೇರೆ ಕೋಟುಗಳು ಹನ್ನೊಂದು. ಪೆರುಮಾಳ್‌ಗೆ ಅರ್ಥವಾಗುತ್ತದೆ.

“ಅವರ್ ಯಾರೂ ಫೋನ್ ಮಾಡ್ಲಿಲ್ಲ ಅಲ್ವಾ ಮಾ?”

“ಇಲ್ಲ.”

“ಮತ್ತೆ ನೀನ್ ಯಾಕೆ ಮಾಡ್ತೀಯಾ?”

“ಕುದುರೆ ಮೇಲೆ ಕೂತಾಗ ಅರುದ್ರೆ ನಗೋರು ನನ್ನಲ್ಲ, ಅವ್ರನ್ನ. ಅವ್ರು ಆಮೇಲೆ ನನ್ನತ್ರ ಬರಾಕಿಲ್ಲ.”

ಇದು ಅವರ ವ್ಯಾಪಾರದ ಲೆಕ್ಕ. ಒಳ್ಳೆಯತನ ಎಂದು ಅವರು ಕರೆಯುವುದಿಲ್ಲ. ಹನ್ನೊಂದು ಜನಕ್ಕೂ ಒಂದೇ ಮಾತು: “ಸಾರ್, ಅಳ್ತೇಲಿ ತಪ್ಪಾಗೈತೆ. ಕುದುರೆ ಮೇಲೆ ಕೂತಾಗ ಇಂದ್ಗಡೆ ಎಳೀತದಾ ನೋಡಿ. ಎಳುದ್ರೆ ಕಳ್ಸಿ, ಮಾಡ್ಕೊಡ್ತೀನಿ.” ಒಬ್ಬರು ಇಷ್ಟು ದಿನ ತಾನೇ ದಪ್ಪಗಾಗಿದ್ದೇನೆ ಎಂದುಕೊಂಡು ರಾತ್ರಿ ಊಟ ಬಿಟ್ಟಿದ್ದರಂತೆ.

ಶನಿವಾರ ಉಡುಪು ಒಪ್ಪಿಗೆಯಾಯಿತು, ಭಾನುವಾರ ಪ್ರದರ್ಶನ ಮುಗಿಯಿತು. ಸೋಮವಾರ ಬೆಳಿಗ್ಗೆ ಶ್ರೀದೇವಿ ಕಾಲೇಜಿಗೆ ಹೋಗುವ ಮೊದಲು ಅಂಗಡಿಗೆ ಬರುತ್ತಾಳೆ. ಕೋಟಿನ ತೋಳಿನ ಮೇಲೆ ಕುದುರೆಯ ಜೊಲ್ಲು ಒಣಗಿದೆ. ಹೇಗೆ ತೊಳೆಯಬೇಕು ಎಂದು ಕೇಳುವುದು ಅವಳ ನೆಪ. “ತೊಳೀಬ್ಯಾಡ, ಒದ್ದೆ ಬಟ್ಟೇಲಿ ಒರ್ಸು,” ಎನ್ನುತ್ತಾ ಮುತ್ಯಾಲಮ್ಮ ಮೊದಲು ನೋಡುವುದು ಸೀಳಿನ ಮೇಲ್ತುದಿಯನ್ನು. ಹೊಲಿಗೆ ಬಿಗಿಯಾಗಿದೆ.

“ನಿನ್ನೆ ಅಂಗಳದ ಗೇಟಲ್ಲಿ ಏನಂದ್ರು?”

“ಒಬ್ರು ಹೆಲ್ಮೆಟ್ ಪಟ್ಟಿ ಎಳೆದು ನೋಡಿದ್ರು ಅತ್ತೆ. ಕೈಗವಸು ನೋಡಿದ್ರು. ಆಮೇಲೆ ಹೋಗಮ್ಮ ಅಂದ್ರು.”

“ಕೋಟು?”

“ಕೋಟ್ ಬಗ್ಗೆ ಏನೂ ಕೇಳ್ಲೇ ಇಲ್ಲ.”

“ಕೇಳಿಸ್ತಾ ಮಾಸ್ಟ್ರೇ?” ಎಂದು ಮುತ್ಯಾಲಮ್ಮ ಬಾಗಿಲ ಕಡೆ ಕೂಗುತ್ತಾರೆ. “ಏನೂ ಕೇಳ್ಲಿಲ್ವಂತೆ.”

ಏಳು ವರ್ಷದಿಂದ ಕುದುರೆಯವರ ಕೋಟು ಹೊಲಿಯುವ ಮುತ್ಯಾಲಮ್ಮ ಒಂದು ಕುದುರೆಯನ್ನೂ ಮುಟ್ಟಿಲ್ಲ. ಪ್ರದರ್ಶನ ನೋಡುವ ಆಸೆ ಇಲ್ಲವೇ ಎಂದರೆ ತಲೆ ಆಡಿಸುತ್ತಾರೆ. “ಆಟ ನೋಡಾಕೆ ಅಲ್ಲ. ಒಂದಿನ ಓಗಿ, ನನ್ನ ಕೈಯಾಗೆ ನಾನೇ ಹಗ್ಗ ಇಡ್ದು ಅಳ್ತೆ ತಗೋಬೇಕು. ಅಷ್ಟೇ.”

ಹನ್ನೊಂದರಲ್ಲಿ ನಾಲ್ಕು ಕೋಟು ವಾಪಸ್ ಬಂದವು. ಅವಕ್ಕೆ ಹೋದದ್ದು ಆರು ದಿನ, ಸುಮಾರು ಮೂರು ಸಾವಿರ ರೂಪಾಯಿಯ ಕೂಲಿ. ಆ ವಾರ ತಡವಾಯಿತೆಂದು ಎರಡು ಮನೆಯ ಯೂನಿಫಾರಂ ಪಕ್ಕದ ರಸ್ತೆಯ ಅಂಗಡಿಗೆ ಹೋದವು. ಶ್ರೀದೇವಿಯ ಕುದುರೆ ಜಿಗಿಯುವಾಗ ಒಂದು ಅಡ್ಡಕಂಬ ಬೀಳಿಸಿತು. ನಾಲ್ಕನೇ ಸ್ಥಾನ ಬಂತು, ಬಹುಮಾನ ಇದ್ದದ್ದು ಮೂರಕ್ಕೆ. ಮುಂದಿನ ತಿಂಗಳು ಸವಾರ ಊರಿಗೆ ಬರುತ್ತಾನೆ, ಕುದುರೆ ಅವನದು. ಕೋಟು ಶ್ರೀದೇವಿಯದು. ಹೊಸ ಹಗ್ಗ ಮೊಳೆಯಲ್ಲಿದೆ.