ಕನ್ನಡ ಫಾಂಟ್ ಮರೆತ ದಿನ

ಗುಬ್ಬಿಯ ನಮ್ಮ ಆಫೀಸಿನಲ್ಲಿ ಐದು ಕಂಪ್ಯೂಟರ್ ಇದ್ದವು. ಅವಕ್ಕೆ ಹೊಸ ವಿಂಡೋಸ್ ಹಾಕುವ ಮುಂಚೆ ಫೈಲುಗಳನ್ನೆಲ್ಲ ಸಿ.ಡಿ.ಗೆ ಇಳಿಸಿಡುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲಿಗ ನಾನು. ಆ ಹೆಮ್ಮೆಯನ್ನು ಬಚ್ಚಿಡುತ್ತಲೂ ಇರಲಿಲ್ಲ.

"ಕನ್ನಡ ಫಾಂಟೂ ತಗೊಂಡ್ಯೇನಪ್ಪಾ?" ಎಂದು ಹಿರಿಯ ಟೈಪಿಸ್ಟ್ ಮೇಡಂ ಕೇಳಿದರು. ಅವರು ಓದಿದ್ದು ಎಸ್ಸೆಸ್ಸೆಲ್ಸಿ.

"ಫೈಲ್ ಇದ್ರೆ ಸಾಕು ಮೇಡಂ. ನಾನು ಓದ್ಕೊಂಡು ಬಂದಿದೀನಿ."

"ಹಂಗಾದ್ರೆ ನನ್ನ ಸಿಸ್ಟಮ್ಮು ಕೊನೇಗೆ ಮುಟ್ಟು."

ನಾಲ್ಕು ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕಿ ಮುಗಿಸಿ, ಸಿ.ಡಿ.ಯಿಂದ ಒಂದು ಹಳೇ ಪತ್ರ ತೆರೆದೆ. ಫಾಂಟ್ ಇಲ್ಲದೆ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೀಟುಗಳ ರಾಶಿಯಾಗಿತ್ತು. ವರ್ಷಗಟ್ಟಲೆಯ ಪತ್ರಗಳು ಎದುರಿಗಿದ್ದರೂ ಒಂದು ಪದ ಓದಲಾಗಲಿಲ್ಲ. ಹೆಬ್ಬೆಟ್ಟು ಒತ್ತುತ್ತಿದ್ದ ನನ್ನಪ್ಪನಿಗೆ ಪ್ರತಿ ಕಾಗದವೂ ಹೀಗೇ ಕಾಣುತ್ತಿತ್ತೇನೋ ಅನ್ನಿಸಿತು.

ಮೇಡಂ ಎದ್ದು ತಮ್ಮ ಕುರ್ಚಿ ಬಿಟ್ಟುಕೊಟ್ಟರು. "ಫಾಂಟು ನನ್ನದ್ರಲ್ಲಿ ಇದೆ, ಕಾಪಿ ಮಾಡ್ಕೋ. ಡಿಗ್ರಿಯವ್ನಿಗೆ ಇದನ್ನೂ ಹೇಳ್ಕೊಡ್ಬೇಕಾ?" ಎಂದು ನಕ್ಕರು.

ಫಾಂಟ್ ಹಾಕಿದ ಮೇಲೆ ಪತ್ರಗಳು ಮತ್ತೆ ಕನ್ನಡವಾದವು.

ಡಿಗ್ರಿಯ ಹೆಮ್ಮೆ ನನಗೆ ಈಗಲೂ ಇದೆ. ಆದರೆ ಅದೇ ಕೆಲಸಕ್ಕೆ ಕುಣಿಗಲ್ ಆಫೀಸಿಗೆ ಹೋದಾಗ, ಮೊದಲು ಅಲ್ಲಿನ ಟೈಪಿಸ್ಟ್ ಪಕ್ಕ ಕೂತು ಕೇಳಿದೆ: "ಏನೇನು ಎತ್ತಿಡ್ಬೇಕು, ನೀವೇ ಹೇಳಿ ಮೇಡಂ."