ಗೋಡೆಗೆ ಮುಖ ಮಾಡಿದವನು

ಬೀಗದಣ್ಣನ ಅಂಗಡಿ ಇರುವುದು ಮಾರುಕಟ್ಟೆ ಬೀದಿಯ ಕೊನೆಯಲ್ಲಿ, ಒಂದು ಮಹಡಿ ಮೆಟ್ಟಿಲ ಕೆಳಗೆ. ಒಳಗೆ ನಿಂತರೆ ತಲೆ ತಾಗುತ್ತದೆ, ಕೂತರೆ ಮೊಣಕಾಲು ತಾಗುತ್ತದೆ. ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಬೀಗದ ಕೈ. ಐವತ್ತೈದು ದಾಟಿದ ಆಸಾಮಿ. ಆಡುವುದೇ ಕಮ್ಮಿ, ಆಡಿದರೂ ಅರ್ಧ ಮಾತು ಬಾಯಲ್ಲೇ ಉಳಿಸಿಕೊಳ್ಳುತ್ತಾನೆ. ಹಾಗಿದ್ದರೂ ಊರಿನವರೆಲ್ಲ ತಮ್ಮ ಪೆಟ್ಟಿಗೆ, ಕಪಾಟುಗಳನ್ನು ಕಣ್ಣು ಮುಚ್ಚಿಕೊಂಡು ಅವನಿಗೆ ಒಪ್ಪಿಸುತ್ತಿದ್ದರು.

ಕಾರಣ ಇಷ್ಟೆ. ಅವನಿಗೆ ಕೆಲಸ ಕಲಿಸಿದ ಮುದುಕ ಮೊದಲನೆಯ ದಿನವೇ ಕಿವಿ ಹಿಂಡಿ ಹೇಳಿದ್ದ: “ಬೀಗ ತೆಗೆಯೋದು ನಿನ್ನ ಕೆಲಸ. ಒಳಗಡೆ ಇರೋದು ನಿನ್ನದಲ್ಲ. ಟಕ್ ಅಂತ ಸದ್ದು ಬಂತೋ, ಗೋಡೆ ಕಡೆ ತಿರುಗಿಬಿಡು.” ನಲವತ್ತು ವರ್ಷ ಅವನು ಹಾಗೇ ಮಾಡಿದ. ಬೀಗ ಬಿಚ್ಚಿಕೊಂಡ ಕೂಡಲೇ ಗೋಡೆಗೆ ಮುಖ ಮಾಡಿ, ಸುಣ್ಣದ ಬಿರುಕು ಎಣಿಸುತ್ತ ನಿಲ್ಲುವುದು. ಯಾರ ಮನೆಯ ಕಪಾಟಿನಲ್ಲಿ ಏನಿದೆ ಎಂದು ಅವನನ್ನು ಕೇಳಿದರೆ, ಪಾಪ, ಅವನಿಗೆ ನಿಜವಾಗಿಯೂ ಗೊತ್ತಿರುತ್ತಿರಲಿಲ್ಲ. ಇದೇ ಅವನ ಹೆಮ್ಮೆ, ಇದೇ ಅವನ ಹೆಸರು. ಇದೇ ಅವನನ್ನು ಮುಳುಗಿಸಿತು ಎಂದರೆ ನೀವು ನಂಬಬೇಕು.

ಅವನಿಗಿದ್ದದ್ದು ಒಬ್ಬಳೇ ಅಕ್ಕ. ಪಕ್ಕದ ಅಂಗಡಿಯಲ್ಲೇ ಇಸ್ತ್ರಿ ಮಾಡುತ್ತಿದ್ದಳು. ಕುಳ್ಳಿ, ದುಂಡಗಿನ ಹೆಂಗಸು. ಮೂವತ್ತು ವರ್ಷ ಇದ್ದಿಲಿನ ಪೆಟ್ಟಿಗೆ ಎಳೆದೆಳೆದು ಬಲಗೈ ಮೊಣಕೈ ಹೊರಕ್ಕೆ ಬಾಗಿ ನಿಂತುಬಿಟ್ಟಿತ್ತು. ತಾಯಿ ಹೋದಾಗ ಇವನಿಗೆ ನಾಲ್ಕು ವರ್ಷ, ಅವಳಿಗೆ ಹದಿಮೂರು. ಅಲ್ಲಿಂದಾಚೆಗೆ ಇವನ ತಲೆಗೆ ಎಣ್ಣೆ ಹಚ್ಚಿದ್ದು, ಬೆನ್ನಿಗೆ ಗುದ್ದಿದ್ದು, ಜ್ವರ ಬಂದಾಗ ಎದ್ದು ಕೂತದ್ದು ಎಲ್ಲ ಅವಳೇ. ಅವಳ ನಾಲಿಗೆ ಮಾತ್ರ ಸ್ವಲ್ಪ ಉದ್ದ. ಆ ನಾಲಿಗೆಯಿಂದಲೇ ಎಡವಟ್ಟಾಯಿತು.

ಆ ಊರಲ್ಲೊಂದು ಕಾಯಿದೆಯಿತ್ತು. ದೊಡ್ಡ ಸಾಹೇಬರ ಮೇಲೆ ಯಾರ ನೆರಳೂ ಬೀಳಕೂಡದು; ಬಿದ್ದರೆ ನೆರಳು ಜಪ್ತಿ. ಪೇದೆಗಳು ತೆಳ್ಳನೆಯ ಅಲಗು ತಂದು ಹಿಮ್ಮಡಿಯಿಂದ ನೆರಳನ್ನು ಬಿಡಿಸಿ, ಸುತ್ತಿ, ದಾರ ಕಟ್ಟಿ ಉಗ್ರಾಣಕ್ಕೆ ಒಯ್ಯುತ್ತಿದ್ದರು. ಒಂದು ದಿನ ಹೊಸ ಸಾಹೇಬ ಬಿಳಿ ಬೂಟು ಹಾಕಿಕೊಂಡು ಬೀದಿಗೆ ಇಳಿದ. ಅವತ್ತೊಂದೇ ದಿನ ಅಕ್ಕನದೂ ಸೇರಿ ನಾಲ್ಕು ಜನರ ನೆರಳು ಆ ಬೂಟಿಗೆ ಬಲಿಯಾಯಿತು. ಉಳಿದ ಮೂವರು ತಲೆ ತಗ್ಗಿಸಿ ನಿಂತರು, ಮೂರು ಮೂರು ತಿಂಗಳಿಗೆ ಮುಗಿಯಿತು. ನಮ್ಮ ಅಕ್ಕ ಸುಮ್ಮನಿರಬೇಕಲ್ಲ? “ನೆರಳು ತಾನೇ ಸ್ವಾಮಿ, ಒರೆಸಿದ್ರೆ ಹೋಗುತ್ತೆ ಬಿಡಿ!” ಅಂದಳು. ಬೀದಿಯೆಲ್ಲ ನಕ್ಕಿತು. ಸಾಹೇಬ ನಗಲಿಲ್ಲ. ಅವಳ ಜಪ್ತಿ ಚೀಟಿಯ ಮೇಲೆ ‘ಮುಂದಿನ ಆಜ್ಞೆಯವರೆಗೆ’ ಎಂದು ಬರೆಸಿದ.

ಮೂರು ತಿಂಗಳು ನೆರಳಿಲ್ಲದೆ ಹೇಗೋ ತಳ್ಳಬಹುದು. ಅದಕ್ಕಿಂತ ಹೆಚ್ಚಾದರೆ ಮನುಷ್ಯ ಕರಗಲು ಶುರುವಾಗುತ್ತಾನೆ. ಮೊದಲು ಮಣ್ಣಿನಲ್ಲಿ ಹೆಜ್ಜೆ ಮೂಡುವುದಿಲ್ಲ. ಆಮೇಲೆ ದನಿ ಇಳಿಯುತ್ತದೆ, ಆಮೇಲೆ ಕೈಯಲ್ಲಿ ಹಿಡಿದದ್ದು ನಿಲ್ಲುವುದಿಲ್ಲ. ವಯಸ್ಸಾದ ಮೈ, ಎರಡೂವರೆ ತಿಂಗಳಾಗುವಷ್ಟರಲ್ಲೇ ಅಕ್ಕನ ಕೈಯಿಂದ ಇಸ್ತ್ರಿಪೆಟ್ಟಿಗೆ ಜಾರಿ ಬಿತ್ತು. ಡಾಕ್ಟರು ನಾಡಿ ಹುಡುಕಿ ಹುಡುಕಿ ಸಾಕಾಗಿ, “ನೆರಳು ಬಂದರೆ ಉಳೀತಾರೆ, ಇಲ್ಲದಿದ್ದರೆ ಎರಡು ತಿಂಗಳು,” ಅಂದರು. ಅರ್ಜಿ ಹಿಡಿದು ಕಚೇರಿಗೆ ಅಲೆದು ಬೀಗದಣ್ಣನ ಚಪ್ಪಲಿ ಸವೆಯಿತು. ಆಜ್ಞೆ ಬರಲಿಲ್ಲ. ಹುಟ್ಟಿದಾಗಿನಿಂದ ಯಾರ ಒಂದು ಮೊಳೆಯನ್ನೂ ಮುಟ್ಟದ ಮನುಷ್ಯ ಕದಿಯುವುದೆಂದು ತೀರ್ಮಾನಿಸಿದ.

ಕಳ್ಳರ ಗುಂಪು ಕಟ್ಟಿದ ನೋಡಿ, ಆಹಾ! ಒಬ್ಬ ಗೊರಕೆ ತಾತ. ಉಗ್ರಾಣದಲ್ಲೇ ಕಾವಲಿದ್ದವನು, ಗೊರಕೆ ಹೊಡೆದು ಕೆಲಸ ಕಳೆದುಕೊಂಡವನು. ಇನ್ನೊಬ್ಬಳು ದರ್ಜಿಯಮ್ಮ. ಬಿಡಿಸಿದ ನೆರಳನ್ನು ಮತ್ತೆ ಹಿಮ್ಮಡಿಗೆ ಹೊಲಿಯುವ ಕೈ ಊರಲ್ಲಿ ಅವಳೊಬ್ಬಳದೇ. ಆದರೆ ತಾತನನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಹಿಂದೆ ಯಾವಾಗಲೋ ಹೊಲಿಸಿದ ಕೋಟು ಬಿಗಿ ಎಂದು ಅವನು ನಾಲ್ಕು ಜನರೆದುರು ಹೇಳಿದ್ದನಂತೆ.

“ಈ ಮುದಿಯಪ್ಪನ್ನ ಕಟ್ಕೊಂಡು ಕಳ್ಳತನಾನಾ?” ಅಂದಳು ದರ್ಜಿಯಮ್ಮ.

“ನೀನು ಬಾಯಿ ಹೊಲ್ಕೊಂಡಿದ್ರೆ ಅರ್ಧ ಕೆಲಸ ಆದ ಹಾಗೆ ತಾಯಿ,” ಅಂದ ತಾತ.

ತಲೆ ಮಾತ್ರ ತಾತನದೇ ಓಡಿತು. ಹೋಗಬೇಕಾದದ್ದು ನಡುಮಧ್ಯಾಹ್ನ. ಆಗ ನೆರಳುಗಳು ಕುಗ್ಗುತ್ತವೆ, ಸುತ್ತಿಟ್ಟವೂ ಅಷ್ಟೆ, ಒಂದೊಂದೂ ಗೇಣುದ್ದ. ಚೀಲದಲ್ಲಿ ಹಾಕಿಕೊಂಡು ಆರಾಮಾಗಿ ಹೊರಬರಬಹುದು. ಹೆಸರಿನ ಚೀಟಿ ಇರುವುದಿಲ್ಲ, ಜಪ್ತಿಯಾದ ದಿನಕ್ಕೊಂದು ಖಾನೆ. ಖಾನೆಯಲ್ಲಿ ನಾಲ್ಕು ಸುರುಳಿ ಇರುತ್ತವೆ, ಅಕ್ಕನದನ್ನು ಆರಿಸಿ ತಂದರಾಯಿತು. ದರ್ಜಿಯಮ್ಮ ಅಕ್ಕನ ಹಿಮ್ಮಡಿಗೆ ಟೇಪು ಹಿಡಿದು ಅಳತೆ ಬರೆದುಕೊಂಡಳು.

ಹಿಂಬಾಗಿಲಿನ ಕಾವಲುಗಾರ ತಾತನ ಹಳೇ ಸ್ನೇಹಿತ. ಅವನನ್ನು ಮಾತಿನಲ್ಲಿ ಹಿಡಿದಿಡುವುದು ತಾತನ ಪಾಲಿನ ಕೆಲಸ. ಈ ಮಹಾರಾಯ ಮಾಡಿದ್ದೇನು? ಬೆಂಚಿನ ಮೇಲೆ ಕೂತು, ತನ್ನ ಮೊದಲ ಸಂಬಳದ ಕತೆ ತೆಗೆದು, ಅರ್ಧಕ್ಕೇ ಗೊರಕೆ ಹೊಡೆಯತೊಡಗಿದ. ದರ್ಜಿಯಮ್ಮ ಕಂಬದ ಮರೆಯಲ್ಲಿ ಹಲ್ಲು ಕಡಿದಳು. ಆದರೆ ಊಟ ಮುಗಿಸಿ ಕೂತಿದ್ದ ಕಾವಲುಗಾರ ಆ ಗೊರಕೆಯ ಲಯಕ್ಕೆ ಎರಡು ಸಲ ತಲೆದೂಗಿ, ಮೂರನೆಯ ಸಲಕ್ಕೆ ತಾನೂ ಗೊರಕೆಗೆ ಗೊರಕೆ ಸೇರಿಸಿದ. ಇಬ್ಬರು ಕಳ್ಳರು ಅವರ ಕಾಲು ದಾಟಿಕೊಂಡೇ ಒಳಗೆ ಹೋದರು.

ಉಗ್ರಾಣ ತಣ್ಣಗಿತ್ತು. ನೆಲದಿಂದ ಸೂರಿನ ತನಕ ಖಾನೆಗಳು, ಒಂದೊಂದಕ್ಕೂ ಬೀಗ. ಬೀಗದಣ್ಣ ಅಕ್ಕನ ಚೀಟಿಯ ತಾರೀಕು ಹುಡುಕಿ ಮಂಡಿಯೂರಿ ಕೂತ. ಕೊಕ್ಕೆ ತಂತಿ ಹಾಕಿದ, ಕಿವಿಗೊಟ್ಟ, ಬೆರಳು ತಿರುಗಿಸಿದ. ಟಕ್ ಅಂತು.

ಅವನು ಎದ್ದು ಗೋಡೆಯ ಕಡೆ ತಿರುಗಿ ನಿಂತ.

ಬೇಕೆಂದು ಮಾಡಿದ್ದಲ್ಲ. ನಲವತ್ತು ವರ್ಷದ ಅಭ್ಯಾಸ, ಕಾಲೇ ತಿರುಗಿತು. ಹಿಂದೆ ದರ್ಜಿಯಮ್ಮ ಟೇಪು ಬಿಚ್ಚುವ ಸದ್ದು, ಗೊಣಗಾಟ.

“ಎರಡರದ್ದು ಅಳತೆ ಹತ್ತಿರ ಹತ್ತಿರ ಇದೆಯಪ್ಪ. ಇದೇ ಅನ್ಸುತ್ತೆ. ಒಂದ್ಸಲ ತಿರುಗಿ ನೋಡು.”

“ನೋಡೋದು ನನ್ನ ಕೆಲಸ ಅಲ್ಲ,” ಅಂದ ಅವನು.

“ಅಯ್ಯೋ, ನಿಮ್ಮಕ್ಕಂದಲ್ವೇನೋ! ನಿನಗೆ ಗೊತ್ತಾಗದೆ ನನಗೆ ಗೊತ್ತಾಗುತ್ತಾ?”

“ಅಳತೆ ನಿಮ್ಮದು. ಬೇಗ ಆಗ್ಲಿ, ಕಾವಲುಗಾರ ಎದ್ದುಬಿಡ್ತಾನೆ.”

ಆ ಒಂದು ಗಳಿಗೆಯನ್ನು ಅವನು ಆಮೇಲೆ ಎಷ್ಟು ಸಾವಿರ ಸಲ ತಿರುಗಿಸಿ ನೋಡಿದನೋ ಲೆಕ್ಕವಿಲ್ಲ. ಕತ್ತು ಒಂದಿಷ್ಟು ಹೊರಳಿಸಿದ್ದರೆ ಸಾಕಿತ್ತು. ನೆರಳು ಗೇಣುದ್ದವಾಗಲಿ, ಬೆರಳುದ್ದವಾಗಲಿ, ಆ ಬಾಗಿದ ಮೊಣಕೈಯನ್ನು ಅವನು ಒಂದೇ ನೋಟಕ್ಕೆ ಗುರುತಿಸುತ್ತಿದ್ದ. ಕಳ್ಳತನಕ್ಕೆ ಬಂದವನಿಗೆ ಎಂಥ ಪ್ರಾಮಾಣಿಕತೆ ರೀ! ಊರು ಹೊಗಳಿದ್ದು ತಲೆಗೇರಿತ್ತು, ಅಷ್ಟೆ. ಈ ಮಾತು ನನ್ನದಲ್ಲ, ಅವನೇ ಹೇಳಿಕೊಂಡು ಅತ್ತದ್ದು.

ದರ್ಜಿಯಮ್ಮ ಒಂದು ಸುರುಳಿಯನ್ನು ಚೀಲಕ್ಕೆ ತುರುಕಿದಳು. ಬರುವ ದಾರಿಯಲ್ಲಿ ತಾತನ ಪಕ್ಕೆಗೊಂದು ತಿವಿದಳು. ತಾತ ಕಣ್ಣು ಬಿಡದೆಯೇ ಎದ್ದು ಅವರ ಹಿಂದೆ ನಡೆದ. ಅರ್ಧ ಗಂಟೆಯೊಳಗೆ ಅಕ್ಕನ ಹಿಮ್ಮಡಿಗೆ ಕಪ್ಪು ದಾರದ ಹೊಲಿಗೆ ಬಿತ್ತು. ಅವಳು ಕೆಳಗಿಟ್ಟಿದ್ದ ಇಸ್ತ್ರಿಪೆಟ್ಟಿಗೆಯನ್ನು ಸಲೀಸಾಗಿ ಎತ್ತಿ ತೋರಿಸಿದಳು. ನಾಲ್ವರೂ ಹುಚ್ಚರ ಹಾಗೆ ನಕ್ಕರು. ದರ್ಜಿಯಮ್ಮನಂತೂ ತಾತನ ಬೆನ್ನು ತಟ್ಟಿ, “ಕೋಟು ಬಿಚ್ಚಿಕೊಡು, ಸಡಿಲ ಮಾಡಿಕೊಡ್ತೀನಿ,” ಅಂದಳು.

ಸಂಜೆ ಬಿಸಿಲು ಓರೆಯಾದಾಗ ಅಕ್ಕ ಅಂಗಡಿ ಮುಂದೆ ಬಂದು ನಿಂತಳು. ನೆರಳು ಬೆಳೆದು ಎದುರುಮನೆ ಗೋಡೆ ಹತ್ತಿತು. ಎತ್ತರದ ಬಡಕಲು ಗಂಡಸಿನ ನೆರಳು. ಎಡಭುಜ ಕೆಳಕ್ಕೆ ಇಳಿದಿತ್ತು.

“ಇದ್ಯಾರೋ ಇದು, ನನಗಿಂತ ಇಷ್ಟುದ್ದ ಇದಾನಲ್ಲೋ!” ಅಂತ ಅಕ್ಕ ಮೊದಲು ನಕ್ಕಳು. ಆಮೇಲೆ ನಗು ನಿಂತಿತು.

ಮರುದಿನ ಮತ್ತೆ ಹೋಗೋಣವೆಂದರೆ ಆಗಲೇ ಉಗ್ರಾಣ ಖಾಲಿ. ಕಳವಾದ ಸುದ್ದಿ ತಿಳಿದು ಬೆಳಗಿನ ಜಾವವೇ ಎಲ್ಲ ನೆರಳನ್ನೂ ಗಾಡಿಗೆ ಹೇರಿ ಕಳಿಸಿದ್ದರು. ಯಾವ ಊರಿಗೆ ಎಂದು ತಾತನಿಗೂ ಪತ್ತೆಯಾಗಲಿಲ್ಲ. ಅಕ್ಕ ಎರಡೆರಡು ಸಲ ಕೇಳಿದಳು: “ಇದು ಯಾರದೋ ಏನೋ?” ಬೀಗದಣ್ಣ, “ಯಾರದಾದ್ರೇನು, ಸುಮ್ನಿರು. ಬೇರೆಯವರ ನೆರಳನ್ನ ಯಾರು ನೋಡ್ತಾರೆ?” ಅಂದ. ಒಂಬತ್ತು ದಿನ ಅಕ್ಕ ಹಾಡಿಕೊಂಡು ಇಸ್ತ್ರಿ ಮಾಡಿದಳು. ಅವಳ ಹೆಜ್ಜೆ ಮತ್ತೆ ಮಣ್ಣಿನಲ್ಲಿ ಮೂಡಿದ್ದನ್ನು ನೋಡಿ ನೋಡಿ ಇವನು ಹೊಟ್ಟೆ ತುಂಬಿಸಿಕೊಂಡ.

ಹತ್ತನೆಯ ದಿನ ಒಬ್ಬ ಹಮಾಲಿ ಬಂದು ಕುಡಿಯಲು ನೀರು ಕೇಳಿದ. ಎತ್ತರದ ಆಳು, ಮೂಟೆ ಹೊತ್ತು ಎಡಭುಜ ಇಳಿದಿತ್ತು. ದನಿ ಎಲ್ಲೋ ಬಾವಿಯೊಳಗಿಂದ ಬಂದಂತಿತ್ತು. ಅಕ್ಕ ಚೊಂಬು ಚಾಚಿದಳು. ಅವಳ ಕಾಲಡಿಯ ನೆರಳು ಬಿಸಿಲನ್ನೂ ಲೆಕ್ಕಿಸದೆ ಹೊರಳಿ ಅವನ ಪಾದದ ಕಡೆಗೆ ಚಾಚಿಕೊಂಡಿತು.

ಹಮಾಲಿ ಅದನ್ನೇ ನೋಡಿದ. “ಅಮ್ಮಾ… ಇದು ನಂದೇ ಇದ್ದ ಹಾಗಿದೆಯಲ್ಲ? ಮೂರು ತಿಂಗಳು ಮುಗೀತು ಅಂತ ಚೀಟಿ ತಗೊಂಡು ಹೋದ್ರೆ ಕಳುವಾಗಿದೆ ಅಂದ್ರು. ಮೂಟೆ ಎತ್ತೋಕಾಗ್ತಿಲ್ಲ. ಮನೇಲಿ ಎರಡು ಕೂಸಿದಾವೆ.”

ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಬೀಗದಣ್ಣ ತನ್ನ ಗೂಡಿನಿಂದ ಜಿಗಿದು ಬಂದ. “ಇದು ನಮ್ಮಕ್ಕಂದು ಕಣಪ್ಪ. ಮೊನ್ನೆ ಬಿಡುಗಡೆ ಆಗಿ ಬಂತು.”

ಹಮಾಲಿ ಅವನ ಮುಖ ನೋಡಿದ. “ನೀವು ಬೀಗದಣ್ಣ ಅಲ್ವಾ? ಗೋಡೆ ಕಡೆ ತಿರುಗೋರು? ನೀವೇ ಹೇಳಿದ ಮೇಲೆ ಮುಗೀತು ಬಿಡಿ. ತಪ್ಪು ತಿಳ್ಕೊಂಡೆ, ಬೇಜಾರು ಮಾಡ್ಕೋಬೇಡಿ.” ಚೊಂಬು ಕೆಳಗಿಟ್ಟು ಹೊರಟುಹೋದ. ಧೂಳಿನಲ್ಲಿ ಅವನ ಹೆಜ್ಜೆ ಒಂದೂ ಮೂಡಲಿಲ್ಲ.

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಬದಿಗಿಟ್ಟಳು. “ದರ್ಜಿಯಮ್ಮನ್ನ ಕರಿ. ಬಿಚ್ಚಲಿ.”

“ಅಕ್ಕಾ, ಹುಚ್ಚಾ ನಿನಗೆ? ಬಿಚ್ಚಿದ್ರೆ ನೀನು…”

“ಗೊತ್ತು ಕಣೋ. ನನಗೆ ಅರವತ್ತನಾಲ್ಕು. ಅವನ ಮಕ್ಕಳಿಗೆ ಎಷ್ಟೋ ಏನೋ.”

ಅವನು ಅತ್ತ, ಕೂಗಾಡಿದ, ಬಾಗಿಲಿಗೆ ಅಡ್ಡ ನಿಂತ. ಅವಳು ಜಗ್ಗಲಿಲ್ಲ. ಕೊನೆಗೆ ಅವನ ಗಲ್ಲ ಹಿಡಿದು ಅಂದಳು: “ನೆರಳು ಹೋಗೋದಕ್ಕೆ ನನಗೆ ಸಂಕಟ ಇಲ್ಲ. ನೀನು ಅವನ ಮುಖಕ್ಕೆ ಸುಳ್ಳು ಹೇಳಿದೆಯಲ್ಲ, ಅವನು ನಂಬಿಬಿಟ್ಟನಲ್ಲ, ಅದನ್ನ ನನ್ನಿಂದ ಸಹಿಸೋಕಾಗ್ತಿಲ್ಲ. ನೀನೇ ತಗೊಂಡು ಹೋಗು. ಸುಳ್ಳು ಹೇಳಿದ್ದೆ ಅಂತ ನಿನ್ನ ಬಾಯಲ್ಲೇ ಹೇಳಿ ಬಾ. ನನಗೆ ಅಷ್ಟು ಸಾಕು.”

ಹೋದ. ಹಮಾಲಿಯ ಮನೆ ಎರಡೇ ಬೀದಿ ಆಚೆ. ಒಂದು ಕೋಣೆ, ಒಂದು ಒಲೆ, ಹಗ್ಗದ ಮಂಚ. ದರ್ಜಿಯಮ್ಮ ಹೊಲಿಗೆ ಮುಗಿಸಿದ ಕೂಡಲೇ ಹಮಾಲಿ ಎರಡು ಮಕ್ಕಳನ್ನೂ ಎರಡು ಕೈಯಲ್ಲಿ ಎತ್ತಿಕೊಂಡು ಗಿರಗಿರ ತಿರುಗಿದ. ಆಮೇಲೆ ಬೀಗದಣ್ಣನ ಎರಡೂ ಕೈ ಹಿಡಿದುಕೊಂಡ. “ಎಲ್ಲಿಂದ ಹುಡುಕಿ ತಂದ್ರಿ ಅಣ್ಣಾ? ನಾನು ಹಾಗೆ ಅನುಮಾನ ಪಟ್ಟರೂ ಮನಸ್ಸಿಗೆ ಹಚ್ಕೊಳ್ಳದೆ… ದೊಡ್ಡ ಮನುಷ್ಯರು ನೀವು.” ಅವನ ಹೆಂಡತಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಮಾತು ಇವನ ನಾಲಿಗೆಯ ತುದಿಯವರೆಗೆ ಬಂತು. ಅಲ್ಲೇ ನಿಂತಿತು. “ಸಿಕ್ತು, ತಂದೆ,” ಅಂದುಬಿಟ್ಟ. ದರ್ಜಿಯಮ್ಮ ಸೂಜಿಪೆಟ್ಟಿಗೆ ಮುಚ್ಚುತ್ತ ಅವನನ್ನೊಮ್ಮೆ ನೋಡಿದಳು.

ಮನೆಗೆ ಬಂದಾಗ ಅಕ್ಕ ಮಲಗಿದ್ದಳು. “ಹೇಳಿದೆಯಾ?”

“ಹೇಳಿದೆ.”

“ಬೈದನಾ?”

“ಇಲ್ಲ.”

“ಹಾಗಾದ್ರೆ ಒಳ್ಳೆಯವನು,” ಅಂದಳು ಅಕ್ಕ. ಅವಳ ಮುಖ ತಿಳಿಯಾಯಿತು.

ಅವಳು ಮತ್ತೆ ಐದು ವಾರ ಇದ್ದಳು. ಐದು ವಾರ! ಎರಡೇ ಬೀದಿ! ಒಂದು ಸಲ ಎದ್ದು ಹೋಗಿ ಹೇಳಿ ಬಂದಿದ್ದರೆ ಅಕ್ಕನಿಗೆ ಹೇಳಿದ ಮಾತು ನಿಜವಾಗಿಬಿಡುತ್ತಿತ್ತು. ಪ್ರತಿದಿನ ಚಪ್ಪಲಿ ಮೆಟ್ಟುತ್ತಿದ್ದ, ಬೀದಿಯ ತಿರುವಿನವರೆಗೆ ಹೋಗುತ್ತಿದ್ದ, ಏನೋ ನೆನಪಾದವನಂತೆ ವಾಪಸು ಬರುತ್ತಿದ್ದ. ಅಕ್ಕ ಮಾತ್ರ ಬಂದವರಿಗೆಲ್ಲ ಪಿಸುದನಿಯಲ್ಲಿ, “ನನ್ನ ತಮ್ಮ ತಪ್ಪು ಮಾಡಿದ, ಆದ್ರೆ ಹೋಗಿ ಒಪ್ಕೊಂಡ ನೋಡಿ,” ಅನ್ನುತ್ತಿದ್ದಳು. ಒಂದು ಬೆಳಗ್ಗೆ ಅವನು ಕಾಫಿ ಲೋಟ ಹಿಡಿದು ಒಳಗೆ ಬಂದಾಗ ಹೊದಿಕೆ ಮಾತ್ರ ಇತ್ತು.

ಮೂರನೆಯ ದಿನ ಬೀಗದಣ್ಣ ತಿರುವಿನಲ್ಲಿ ನಿಲ್ಲದೆ ನೇರ ಹಮಾಲಿಯ ಮನೆಗೆ ನಡೆದ. ಹೊಸ್ತಿಲಲ್ಲೇ ನಿಂತು ಒಂದೇ ಉಸಿರಿಗೆ ಎಲ್ಲ ಹೇಳಿದ: ಉಗ್ರಾಣ, ತಪ್ಪಾಗಿ ತಂದದ್ದು, ಗೊತ್ತಿದ್ದೂ ಮುಚ್ಚಿಟ್ಟದ್ದು, ಮುಖಕ್ಕೆ ಮುಖ ಕೊಟ್ಟು ಸುಳ್ಳಾಡಿದ್ದು.

ಹಮಾಲಿ ಅವನ ಭುಜ ಹಿಡಿದು ಒಳಗೆ ಕರೆದು ಮಂಚದ ಮೇಲೆ ಕೂರಿಸಿದ. “ಸುಮ್ನಿರಿ ಅಣ್ಣಾ. ನೀವು ಸುಳ್ಳು ಹೇಳೋ ಜನಾನಾ? ಅಕ್ಕ ಹೋದ ಸಂಕಟಕ್ಕೆ ಏನೇನೋ ಮಾತಾಡ್ತಿದೀರಿ,” ಅಂದ. ಹೆಂಡತಿಗೆ, “ಲೇ, ಅಣ್ಣಂಗೆ ನೀರು ಕೊಡು,” ಎಂದು ಕೂಗಿ ಹೇಳಿದ.