ಶಾರ್ಕ್ ಕಚ್ಚಿದ್ದು ಶ್ಯಾಮಲಾಳ ತಪ್ಪಿನಿಂದಲ್ಲ

೨೦೦೩ರಲ್ಲಿ ನಾನು ಇಂದಿರಾನಗರದ ಒಂದು ಖಾಸಗಿ ಸಂಸ್ಥೆಯಲ್ಲಿ ಸ್ಕೂಬಾ ತರಬೇತುದಾರನಾಗಿದ್ದೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದಡಿ ಈಜುವುದನ್ನು ಕಲಿಸುವ ಕೆಲಸ. ಬೆಂಗಳೂರಿಗೆ ಸಮುದ್ರವಿಲ್ಲದ ಕಾರಣ ಪಾಠವೆಲ್ಲ ಹಲಸೂರಿನ ಈಜುಕೊಳದಲ್ಲಿ ನಡೆಯುತ್ತಿತ್ತು. ಕೊನೆಗೆ ಒಂದು ಅಂಡಮಾನ್ ಪ್ರವಾಸ.

ಆ ವರ್ಷದ ತಂಡದಲ್ಲಿ ಜೋಗುಪಾಳ್ಯದ ಶ್ಯಾಮಲಾ ಇದ್ದಳು. ಮಕ್ಕಳಿಗೆ ಈಜು ಕಲಿಸುವುದೇ ಅವಳ ಜೀವನೋಪಾಯ. ಎಲ್ಲರ ಮನಸ್ಸಿನಲ್ಲಿದ್ದ ಪ್ರಶ್ನೆಯನ್ನು ಮೊದಲು ಕೇಳಿದವಳೂ ಅವಳೇ.

"ಸರ್, ಶಾರ್ಕ್ ಬಂದ್ಬಿಟ್ರೆ ಏನ್ ಮಾಡ್ಬೇಕು?"

"ಗಾಬರಿಯಿಂದ ಕೈಕಾಲು ಬಡೀಬೇಡಮ್ಮ. ಅದಕ್ಕೆ ನೀನು ಊಟ ಅಲ್ಲ."

ಶಾರ್ಕ್ ಸುಮ್ಮಸುಮ್ಮನೆ ಮನುಷ್ಯನ ಮೇಲೆ ಬೀಳುವುದಿಲ್ಲ. ರಕ್ತದ ವಾಸನೆ, ಸತ್ತ ಮೀನು, ನೀರಿನ ಒದ್ದಾಟ ಅದನ್ನು ಸೆಳೆಯುತ್ತವೆ. ಹವಳದ ದಿಬ್ಬಗಳ ಬೂದು ಶಾರ್ಕ್ ಅಂತೂ ಸಿಟ್ಟು ಬಂದರೆ ಬೆನ್ನು ಗೂನಾಗಿಸಿ, ಎದೆಯ ರೆಕ್ಕೆಗಳನ್ನು ಕೆಳಗಿಳಿಸಿ, ಬಿಗಿಯಾಗಿ ತೂಗಾಡುತ್ತ ಈಜುತ್ತದೆ. ಅದು ದೂರ ಹೋಗೆಂಬ ಎಚ್ಚರಿಕೆ. ಆಗ ಅದರ ಮೇಲಿನ ಕಣ್ಣು ತೆಗೆಯದೆ, ಜೊತೆಗಾರನಿಗೆ ಅಂಟಿಕೊಂಡು, ಬೆನ್ನನ್ನು ಬಂಡೆಗೆ ಕೊಟ್ಟು ನಿಧಾನವಾಗಿ ಹಿಂದೆ ಸರಿಯಬೇಕು. ಇದನ್ನು ಶ್ಯಾಮಲಾ ಕೊಳದಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡಿದ್ದಳು.

ಅಂಡಮಾನಿನಲ್ಲಿ ಮೊದಲೆರಡು ದಿನ ಶಾರ್ಕ್ ಕಾಣಲಿಲ್ಲ. ಸಂಸ್ಥೆಯ ಮಾಲೀಕ ದಿನೇಶ್‌ಗೆ ಚಡಪಡಿಕೆ.

"ಜನ ಶಾರ್ಕ್ ನೋಡೋಕೇ ಬಂದಿರೋದು ಗುರು. ಒಂದ್ ಫೋಟೋನೂ ಸಿಗ್ಲಿಲ್ಲ ಅಂದ್ರೆ ನಾಳೆ ಯಾರ್ ಬರ್ತಾರೆ? ಸ್ವಲ್ಪ ಮೀನು ತಗೊಂಡು ಇಳಿಯೋಣ."

"ಬೇಡ. ಮೀನು ತಂದ್ರೆ ನಾನು ಯಾರನ್ನೂ ಇಳಿಸಲ್ಲ," ಎಂದೆ. ಆತ ನಕ್ಕು ತಲೆಯಾಡಿಸಿದ.

ಮರುದಿನ ನೀರು ಗಾಜಿನಂತಿತ್ತು. ಎಲ್ಲರೂ ಕೆಳಗಿಳಿದ ಮೇಲೆ ದಿನೇಶ್ ತನ್ನ ಜಾಕೆಟ್ಟಿನೊಳಗಿಂದ ಒಂದು ಬಲೆಚೀಲ ಹೊರತೆಗೆದ. ತುಂಬ ಮೀನಿನ ತುಂಡುಗಳು. ಸ್ವಲ್ಪದರಲ್ಲೇ ಮೂರು ಶಾರ್ಕ್‌ಗಳು ಬಂದವು. ಸುತ್ತು ಕಿರಿದಾಯಿತು, ವೇಗ ಹೆಚ್ಚಿತು. ಒಂದರ ಬೆನ್ನು ಗೂನಾಯಿತು. ಬಂಡೆಗೆ ಸರಿಯಿರಿ ಎಂದು ಕೈಸನ್ನೆ ಮಾಡಿದೆ. ಎಲ್ಲರೂ ಸರಿದರು, ಶ್ಯಾಮಲಾ ಕಲಿತಿದ್ದನ್ನು ಚಾಚೂ ತಪ್ಪದೆ ಮಾಡಿದಳು. ಅಷ್ಟರಲ್ಲಿ ದಿನೇಶ್ ಫೋಟೋ ತೆಗೆಯಲು ಚೀಲ ಹಿಡಿದುಕೊಂಡೇ ಅವಳ ಪಕ್ಕಕ್ಕೆ ಬಂದ. ಚೀಲದ ಹಿಂದೆ ಬಂದ ಶಾರ್ಕ್ ಅವಳ ಬಲಗೈಗೆ ಬಾಯಿ ಹಾಕಿ, ತಕ್ಷಣ ಬಿಟ್ಟು ಹೊರಟುಹೋಯಿತು.

ಆಳದಲ್ಲಿ ರಕ್ತ ಹಸಿರಾಗಿ ಕಾಣುತ್ತದೆ. ನಾನು ಗಾಯವನ್ನು ಒತ್ತಿ ಹಿಡಿದೆ. ಉಸಿರು ಬಿಗಿಹಿಡಿದು ಮೇಲೇರಿದರೆ ಶ್ವಾಸಕೋಶವೇ ಒಡೆಯಬಹುದು. ಅಂಥ ನೋವಿನಲ್ಲೂ ಅವಳು ನನ್ನ ಕಣ್ಣನ್ನೇ ನೋಡುತ್ತ, ಉಸಿರಾಡುತ್ತ ಮೇಲೆ ಬಂದಳು. ಜೀವ ಉಳಿಯಿತು. ಬೆರಳುಗಳನ್ನು ಮಾತ್ರ ಮತ್ತೆ ಮಡಚಲಾಗಲಿಲ್ಲ.

ಬೆಂಗಳೂರಿಗೆ ಮರಳಿದ ಮೇಲೆ ದಿನೇಶ್ ಆಫೀಸಿನಲ್ಲಿ ತಂಡವನ್ನು ಸೇರಿಸಿದ. "ಅವ್ರು ಪ್ಯಾನಿಕ್ ಆಗಿ ಕೈ ಬೀಸಿದ್ರು. ಅದಕ್ಕೇ ಹೀಗಾಯ್ತು," ಎಂದ.

"ನಿನ್ನ ಚೀಲಕ್ಕೆ ಬಂದಿದ್ದು ಅದು," ಎಂದು ನಾನು ಎದ್ದು ನಿಂತೆ. "ನೀವೆಲ್ಲ ನೋಡಿದ್ರಲ್ಲ, ಹೇಳ್ರಿ."

ಒಬ್ಬ ತಲೆತಗ್ಗಿಸಿ, "ನಮಗೆ ಸರಿಯಾಗಿ ಕಾಣ್ಲಿಲ್ಲ ಸರ್," ಎಂದ. ಉಳಿದವರು ದಿನೇಶ್ ಹೇಳಿದ್ದಕ್ಕೇ ಹೌದೆಂದರು. ದಿನೇಶ್ ಅಲ್ಲೇ ನನ್ನನ್ನು ಕೆಲಸದಿಂದ ತೆಗೆದ. ಸಂಸ್ಥೆ ಮುಂದಿನ ಪ್ರವಾಸಕ್ಕೆ ಹೊರಟಿತು.

ನಾನು ಜೋಗುಪಾಳ್ಯಕ್ಕೆ ಹೋದಾಗ ಶ್ಯಾಮಲಾ ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟು ಕೂತಿದ್ದಳು. ತಂಡದವರ ಮಾತು ನನಗಿಂತ ಮೊದಲೇ ಅವಳನ್ನು ತಲುಪಿತ್ತು.

"ನಾನೇ ಕೈ ಬೀಸಿರ್ಬೇಕು ಸರ್. ಎಲ್ರೂ ಅದೇ ಹೇಳ್ತಾರೆ."

"ಇಲ್ಲಮ್ಮ, ನಾನು ನೋಡಿದೀನಿ. ನೀನು ಅಲುಗಾಡ್ಲೇ ಇಲ್ಲ."

"ನೀವು ಒಳ್ಳೇವ್ರು, ಹಾಗಂತೀರಿ," ಎಂದಳು.

ಮತ್ತೆರಡು ಸಲ ಹೋಗಿ ಹೇಳಿದೆ. ಅವಳು ನಂಬಲಿಲ್ಲ, ನೀರಿಗೂ ಇಳಿಯಲಿಲ್ಲ. ಶಾರ್ಕ್‌ನ ಭಯ ಬಿಡಿಸಲು ನನಗೆ ಕೆಲವು ವಾರ ಸಾಕಾಗಿತ್ತು. ಜೊತೆಯವರು ಹೊರಿಸಿದ ತಪ್ಪನ್ನು ಅವಳ ತಲೆಯಿಂದ ಇಳಿಸಲು ನನ್ನಿಂದಾಗಲಿಲ್ಲ. ನನ್ನ ವೃತ್ತಿ ಕಲಿಸಿದ ಪಾಠ ಇಷ್ಟೇ: ಸಮುದ್ರಕ್ಕಿಳಿಯುವ ಮುನ್ನ ಅಲ್ಲಿ ಶಾರ್ಕ್ ಇದೆಯೇ ಎಂದು ಕೇಳುವುದಕ್ಕಿಂತ, ಜೊತೆಗೆ ಇಳಿಯುವವರು ಯಾರೆಂದು ನೋಡಿಕೊಳ್ಳಿ.